ಹಳೆಯ ಬ್ಯಾಟರಿ: ದುರಸ್ತಿಯೋ, ಬದಲಾವಣೆಯೋ?

(ಬಳಗದ ಮಳೆಗಾಲಪೂರ್ವ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಕಾಡು, ನದಿ, ತೋಟಗಳ ಕುರಿತು ಮಾತನಾಡುವ ಈ ವೇದಿಕೆಯಲ್ಲಿ ಕಾರಿನ ಬ್ಯಾಟರಿಯ ವಿಷಯವನ್ನು ಎತ್ತಿಕೊಂಡಿರುವುದಕ್ಕೆ ಮೊದಲು ಕಾರಣ ಹೇಳಬೇಕು. ಕಳೆದ ಸಭೆಯಲ್ಲಿ ಹಿರಿಯರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ತಮ್ಮಾ, ಮಗ ವೈಟ್‌ಫೀಲ್ಡಿನಿಂದ ತಂದು ನಿಲ್ಲಿಸಿದ ಹೈಬ್ರಿಡ್ ಕಾರಿನ ಬ್ಯಾಟರಿ ಹೋಗಿದೆಯಂತೆ. ರಿಪೇರಿ ಮಾಡಿಸುವುದೋ, ಹೊಸದು ಹಾಕಿಸುವುದೋ, ಕಾರನ್ನೇ ಗುಜರಿಗೆ ಕೊಡುವುದೋ? ಪರಿಸರಕ್ಕೆ ಯಾವುದು ಒಳ್ಳೆಯದು?" ಎಂದು ಕೇಳಿದರು. ಪೀಣ್ಯದಲ್ಲಿ ದುಡಿಯುವವನಾದ್ದರಿಂದ ನನಗೆ ಉತ್ತರ ಗೊತ್ತಿರಬಹುದೆಂದು ಅವರ ನಂಬಿಕೆ. ಈ ಪ್ರಶ್ನೆಯನ್ನು ನಾನೇ ಒಮ್ಮೆ ಎದುರಿಸಿ, ಅರ್ಧ ಸರಿ ಅರ್ಧ ತಪ್ಪು ಉತ್ತರ ಕಂಡುಕೊಂಡವನು. ಆ ಅನುಭವವನ್ನೂ ಅದರಿಂದ ಕಲಿತದ್ದನ್ನೂ ನಿಮ್ಮ ಮುಂದಿಡುತ್ತೇನೆ.

ಈ ಪ್ರಶ್ನೆ ಬೆಂಗಳೂರಿಗೆ ಹೊಸದಲ್ಲ. ಎಲೆಕ್ಟ್ರಾನಿಕ್ ಸಿಟಿಯನ್ನು ದಾಟಿ ಹೊಸೂರು ರಸ್ತೆಯಲ್ಲಿ ಮುಂದೆ ಹೋದರೆ ಬೊಮ್ಮಸಂದ್ರ ಕೈಗಾರಿಕಾ ಪ್ರದೇಶ ಸಿಗುತ್ತದೆ. ಮೈನಿ ಸಮೂಹವು ಅಮೆರಿಕದ ಅಮೆರಿಗಾನ್ ಸಂಸ್ಥೆಯೊಡನೆ ಸೇರಿ ಕಟ್ಟಿದ ಕಂಪನಿಯೊಂದು 2001ರಲ್ಲಿ 'ರೇವಾ' ಎಂಬ ಪುಟ್ಟ ವಿದ್ಯುತ್ ಕಾರನ್ನು ಅಲ್ಲಿಂದಲೇ ಮಾರುಕಟ್ಟೆಗೆ ತಂದಿತು. ಅದರ ಹಿಂದಿನ ಚಾಲಕಶಕ್ತಿ ಚೇತನ್ ಮೈನಿ. ಎರಡು ಬಾಗಿಲಿನ ಆ ಕಾರಿನಲ್ಲಿ 6 ವೋಲ್ಟಿನ 8 ಸೀಸ-ಆಮ್ಲ ಬ್ಯಾಟರಿಗಳಿದ್ದವು. ಒಟ್ಟು 48 ವೋಲ್ಟ್. ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರ್ ಓಡುತ್ತದೆಂದು ಹೇಳಲಾಗಿತ್ತು. 2004ರಿಂದ ಅದೇ ಕಾರು ಲಂಡನ್ನಿನ ಬೀದಿಗಳಲ್ಲಿ 'ಜಿ-ವಿಜ್' ಎಂಬ ಹೆಸರಿನಲ್ಲಿ ಓಡಾಡಿತು. 2009ರಲ್ಲಿ ಲಿಥಿಯಂ ಬ್ಯಾಟರಿಯ ರೇವಾ ಬಂದಿತು. 2010ರಲ್ಲಿ ಕಂಪನಿ ಮಹೀಂದ್ರಾದ ಪಾಲಾಯಿತು. 2013ರಲ್ಲಿ ಅಲ್ಲಿಂದಲೇ 'ಇ2ಒ' ಹೊರಬಂದಿತು.

ರೇವಾ ಕೊಂಡವರು ಒಂದು ಪಾಠವನ್ನು ಬೇಗ ಕಲಿತರು. ಕಾರಿನ ಮೈ, ಚಕ್ರ, ಮೋಟಾರು ಇವೆಲ್ಲ ಚೆನ್ನಾಗಿಯೇ ಇರುವಾಗ ಬ್ಯಾಟರಿಯ ಆಯುಷ್ಯ ಕೆಲವೇ ವರ್ಷಗಳಲ್ಲಿ ಮುಗಿಯುತ್ತದೆ. ಎಂಟರಲ್ಲಿ ಒಂದು ದುರ್ಬಲವಾದರೂ ಕಾರಿನ ಓಟ ಕುಗ್ಗುತ್ತದೆ. ಒಂದನ್ನೇ ಬದಲಿಸಬೇಕೇ, ಎಂಟನ್ನೂ ಬದಲಿಸಬೇಕೇ? ಈಗ ನಮ್ಮ ಹಿರಿಯರು ಕೇಳುತ್ತಿರುವ ಪ್ರಶ್ನೆಯ ಮೊದಲ ರೂಪ ಅದು.

ಹೈಬ್ರಿಡ್ ಕಾರುಗಳು ನಮ್ಮಲ್ಲಿಗೆ ಅನಂತರ ಬಂದವು. ಜಪಾನಿನಲ್ಲಿ 1997ರಲ್ಲಿ ಹೊರಬಂದ ಟೊಯೋಟ ಪ್ರಿಯಸ್ ಭಾರತಕ್ಕೆ ಬಂದದ್ದು 2010ರಲ್ಲಿ. ಅದಕ್ಕೂ ಮೊದಲು 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್ ಬಂದಿತ್ತು. 2013ರಿಂದ ಬಿಡದಿಯಲ್ಲೇ ಕ್ಯಾಮ್ರಿ ಹೈಬ್ರಿಡ್ ಜೋಡಣೆಯಾಗತೊಡಗಿತು. 2022ರ ನಂತರ ಬಿಡದಿಯಿಂದ ಇನ್ನೂ ಹಲವು ಬಗೆಯ ಹೈಬ್ರಿಡ್‌ಗಳು ಹೊರಬಂದಿವೆ. ಮೊದಲ ತಲೆಮಾರಿನ ಕಾರುಗಳಿಗೆ ಈಗ ಹತ್ತು, ಹನ್ನೆರಡು ವರ್ಷ ದಾಟಿದೆ. ಕೊಂಡವರು ಹೊಸದಕ್ಕೆ ಹೋಗಿದ್ದಾರೆ. ಹಳೆಯವು ಎರಡನೆಯ, ಮೂರನೆಯ ಕೈಗೆ, ಕೊನೆಗೆ ನಮ್ಮ ಊರುಗಳಿಗೆ ಬರುತ್ತಿವೆ. ಆದುದರಿಂದ ವೈಟ್‌ಫೀಲ್ಡಿನ ಪ್ರಶ್ನೆ ಇನ್ನು ಮುಂದೆ ಸಾಗರ, ಶಿರಸಿ, ಕೊಪ್ಪಗಳ ಪ್ರಶ್ನೆಯೂ ಹೌದು.

ನನ್ನ ಕಾರೂ ಹಾಗೆ ಮೂರನೆಯ ಕೈಯದು. ಅದರ ಕಂಪನಿಯ ಹೆಸರು ಇಲ್ಲಿ ಮುಖ್ಯವಲ್ಲ. ಒಮ್ಮೆ ಊರಿಗೆ ಬರುವಾಗ ಅರಸೀಕೆರೆಯ ಹತ್ತಿರ ಎಚ್ಚರಿಕೆಯ ದೀಪ ಹೊತ್ತಿಕೊಂಡಿತು. ಕಾರು ಏದುಸಿರು ಬಿಡತೊಡಗಿತು. ಹೇಗೋ ಬೆಂಗಳೂರಿಗೆ ಮರಳಿ ಅಧಿಕೃತ ವರ್ಕ್‌ಶಾಪೊಂದಕ್ಕೆ ಒಯ್ದೆ. ಅಲ್ಲಿಯ ಯುವಕ ಕಂಪ್ಯೂಟರ್ ಜೋಡಿಸಿ ನೋಡಿ, "ಸಾರ್, ಇಡೀ ಬ್ಯಾಟರಿ ಬದಲಿಸಬೇಕು" ಎಂದ. ಅವನು ಹೇಳಿದ ಬೆಲೆ ನಾನು ಕಾರಿಗೆ ಕೊಟ್ಟ ಹಣದ ಅರ್ಧಕ್ಕಿಂತ ಹೆಚ್ಚಿತ್ತು. ಒಳಗೆ ಎಷ್ಟು ಭಾಗ ಕೆಟ್ಟಿದೆ ಎಂದು ಕೇಳಿದರೆ, ಬಿಚ್ಚಿ ನೋಡುವ ಪದ್ಧತಿ ತಮ್ಮಲ್ಲಿಲ್ಲ ಎಂಬ ಉತ್ತರ ಬಂತು. 'ಬಳಸಿ ಬಿಸಾಡು' ಎಂಬ ನಾಗರಿಕತೆಯ ವಿರುದ್ಧ ನಾವು ಎಷ್ಟು ಭಾಷಣ ಮಾಡಿಲ್ಲ! ನನಗೆ ಸಿಟ್ಟು ಬಂತು. ಪೀಣ್ಯದ ಓಣಿಯೊಂದರಲ್ಲಿ ಬ್ಯಾಟರಿ ಬಿಚ್ಚಿ ಸರಿಮಾಡುವವರಿದ್ದಾರೆಂದು ಕೇಳಿ ಅಲ್ಲಿಗೆ ಹೋದೆ.

ಅಲ್ಲಿ ಕಂಡದ್ದನ್ನು ಹೇಳುವ ಮೊದಲು ಹೈಬ್ರಿಡ್ ಬ್ಯಾಟರಿಯ ಒಳರಚನೆಯನ್ನು ತಿಳಿಯಬೇಕು. ಹಳೆಯ ಹೈಬ್ರಿಡ್‌ಗಳಲ್ಲಿ ಬಹುತೇಕ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ ಇರುತ್ತದೆ. ಅದರ ಒಂದು ಕೋಶದ ಒತ್ತಡ 1.2 ವೋಲ್ಟ್. ಎರಡನೆಯ ತಲೆಮಾರಿನ ಪ್ರಿಯಸ್ ಅನ್ನೇ ಉದಾಹರಣೆಯಾಗಿ ಇಟ್ಟುಕೊಂಡರೆ, ಆರು ಕೋಶ ಸೇರಿ 7.2 ವೋಲ್ಟಿನ ಒಂದು ಮಾಡ್ಯೂಲ್. ಅಂಥ 28 ಮಾಡ್ಯೂಲ್‌ಗಳು ಸಾಲಾಗಿ ಸೇರಿ 201.6 ವೋಲ್ಟಿನ ಒಂದು ಬ್ಯಾಟರಿ. ಈ ಸಾಲುಜೋಡಣೆಯಲ್ಲೇ ಸಮಸ್ಯೆಯ ಬೇರು ಇದೆ. ನಮ್ಮ ಹಿರಿಯರು ಅಡಿಕೆಮರದ ದಂಬೆಗಳನ್ನು ಒಂದಕ್ಕೊಂದು ಜೋಡಿಸಿ ಗುಡ್ಡದ ಅಬ್ಬಿನೀರನ್ನು ಅಂಗಳಕ್ಕೆ ತರುತ್ತಿದ್ದರು. ಇಪ್ಪತ್ತೆಂಟು ದಂಬೆಗಳಲ್ಲಿ ಒಂದು ಒಡೆದರೆ ಉಳಿದ ಇಪ್ಪತ್ತೇಳು ಗಟ್ಟಿಯಾಗಿದ್ದೂ ಪ್ರಯೋಜನವಿಲ್ಲ. ಅಂಗಳಕ್ಕೆ ಬರುವ ನೀರನ್ನು ಆ ಒಂದು ದಂಬೆಯೇ ನಿರ್ಧರಿಸುತ್ತದೆ. ಬ್ಯಾಟರಿಯೂ ಹಾಗೆಯೇ. ಇಡೀ ಸಾಲಿನ ಶಕ್ತಿ ಅದರ ಅತ್ಯಂತ ದುರ್ಬಲ ಮಾಡ್ಯೂಲಿನಷ್ಟು.

ಹೈಬ್ರಿಡ್‌ನ ಬ್ಯಾಟರಿ ಪೂರ್ಣ ವಿದ್ಯುತ್ ಕಾರಿನ ಬ್ಯಾಟರಿಯಂತೆ ದೊಡ್ಡದಲ್ಲ. ಒಂದೆರಡು ಯೂನಿಟ್ ವಿದ್ಯುತ್ತನ್ನಷ್ಟೇ ಹಿಡಿದಿಡಬಲ್ಲದು. ಅದರಲ್ಲೂ ನಡುವಿನ ಸ್ವಲ್ಪ ಭಾಗವನ್ನು ಮಾತ್ರ ಕಾರು ಬಳಸುತ್ತದೆ. ಬ್ರೇಕ್ ಹಾಕಿದಾಗ ವ್ಯರ್ಥವಾಗುತ್ತಿದ್ದ ಶಕ್ತಿಯನ್ನು ಹಿಡಿದಿಟ್ಟು ಮರಳಿ ಹೊರಡುವಾಗ ಕೊಡುವುದು ಅದರ ಕೆಲಸ. ಸಿಲ್ಕ್ ಬೋರ್ಡಿನಂಥ ನಿಂತು ನಿಂತು ಸಾಗುವ ದಟ್ಟಣೆಯಲ್ಲಿ ಅದರ ಪ್ರಯೋಜನ ಹೆಚ್ಚು. ಆಗುಂಬೆ ಘಾಟಿಯನ್ನು ಇಳಿಯುವಾಗಲಾದರೋ ಅರ್ಧ ದಾರಿಗೆ ಮೊದಲೇ ಅದು ತುಂಬಿಬಿಡುತ್ತದೆ. ನಗರದಲ್ಲಿ ಓಡುವ ಕಾರಿಗೂ ಊರಲ್ಲಿ ಓಡುವ ಕಾರಿಗೂ ಬ್ಯಾಟರಿಯ ಲಾಭ ಒಂದೇ ಅಲ್ಲವೆಂಬುದನ್ನು ನಿರ್ಧಾರದ ಹೊತ್ತಿನಲ್ಲಿ ನೆನಪಿಡಬೇಕು.

ಪೀಣ್ಯದ ಆ ಚಿಕ್ಕ ವರ್ಕ್‌ಶಾಪಿನವನು ಬ್ಯಾಟರಿಯನ್ನು ಹೊರತೆಗೆದು ಪ್ರತಿಯೊಂದು ಮಾಡ್ಯೂಲಿನ ವೋಲ್ಟೇಜ್ ಅಳೆದ. ಎಲ್ಲವೂ ಹತ್ತಿರ ಹತ್ತಿರ ಇದ್ದರೆ ನಾಲ್ಕು ಮಾತ್ರ ಕೆಳಗೆ ಬಿದ್ದಿದ್ದವು. "ಇವು ನಾಲ್ಕೇ ಸಾರ್ ಕೆಟ್ಟಿರೋದು" ಎಂದು ತೋರಿಸಿದಾಗ ನನಗೆ ಗೆದ್ದಷ್ಟು ಸಂತೋಷವಾಯಿತು. ಬೇರೊಂದು ಹಳೆಯ ಬ್ಯಾಟರಿಯಿಂದ ತೆಗೆದ ನಾಲ್ಕನ್ನು ಜೋಡಿಸಿದ. ದೀಪ ಆರಿತು. ವರ್ಕ್‌ಶಾಪಿನವರು ಹೇಳಿದ ಬೆಲೆಯ ಹತ್ತನೆಯ ಒಂದು ಪಾಲಿನಲ್ಲಿ ಕೆಲಸ ಮುಗಿಯಿತು. ಇದನ್ನು ನಾನು ಹಲವರ ಮುಂದೆ ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು.

ಹನ್ನೊಂದು ತಿಂಗಳ ನಂತರ ಅದೇ ದೀಪ ಮತ್ತೆ ಹೊತ್ತಿತು. ಈ ಸಲ ಕೆಟ್ಟದ್ದು ಬೇರೆ ಮಾಡ್ಯೂಲ್‌ಗಳು. ಮತ್ತೆ ಮೂರನ್ನು ಬದಲಿಸಿದರು. ನಾಲ್ಕು ತಿಂಗಳಿಗೆ ಮೂರನೆಯ ಸಲ. ಆಗ ನನಗೆ ವಿಷಯ ತಿಳಿಯಿತು. ಒಂದೇ ದಿನ ಹುಟ್ಟಿ, ಒಂದೇ ಬಿಸಿಲು ಒಂದೇ ದೂಳು ತಿಂದು ಬೆಳೆದ ಮಾಡ್ಯೂಲ್‌ಗಳು ಮುಪ್ಪಾಗುವುದೂ ಹೆಚ್ಚು ಕಡಿಮೆ ಒಟ್ಟಿಗೇ. ಮೊದಲು ಬಿದ್ದದ್ದನ್ನು ತೆಗೆದರೆ ಸಾಲಿನಲ್ಲಿ ಮುಂದಿನದು ಕಾದಿರುತ್ತದೆ. ಇನ್ನೂ ಒಂದು ತಪ್ಪಿತ್ತು: ವೋಲ್ಟೇಜ್ ಅಳೆದದ್ದು ಭಾರ ಹೊರಿಸದೆ. ನಿಜವಾದ ಸಾಮರ್ಥ್ಯ ತಿಳಿಯಬೇಕಾದರೆ ಪ್ರತಿ ಮಾಡ್ಯೂಲನ್ನು ತುಂಬಿಸಿ, ಖಾಲಿ ಮಾಡಿ, ಎಷ್ಟು ಹಿಡಿದುಕೊಳ್ಳುತ್ತದೆಂದು ಅಳೆದು, ಸಮಬಲದವನ್ನು ಒಟ್ಟುಗೂಡಿಸಬೇಕು. ಅದಕ್ಕೆ ದಿನಗಟ್ಟಲೆ ಸಮಯ ಬೇಕು. ನನಗೆ ದೊರೆತದ್ದು ತೇಪೆ. ಅದನ್ನೇ ದುರಸ್ತಿಯೆಂದು ನಂಬಿದ್ದೆ. ಕೊನೆಗೆ ಹೊಸ ಬ್ಯಾಟರಿಯನ್ನೇ ಹಾಕಿಸಿದೆ. ಮೂರು ತೇಪೆಗಳ ಖರ್ಚು ಅದರ ಮೇಲೆ ಹೊರೆಯಾಯಿತು.

ಹಾಗೆಂದು ದುರಸ್ತಿಯೇ ವ್ಯರ್ಥ ಎಂಬ ತೀರ್ಮಾನಕ್ಕೆ ಬರಬೇಡಿ. ಕ್ರಮ ತಪ್ಪದೆ ನೋಡಿದರೆ ಅನೇಕ ಸಲ ದೊಡ್ಡ ಖರ್ಚೇ ಬೇಕಾಗುವುದಿಲ್ಲ.

ಮೊದಲನೆಯದಾಗಿ, ವಾರಂಟಿ ನೋಡಬೇಕು. ಇಂದಿನ ಹೈಬ್ರಿಡ್‌ಗಳ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರಿನ ವಾರಂಟಿ ಸಾಮಾನ್ಯ. ಕಾರು ಕೈ ಬದಲಾಗಿದ್ದರೂ ಅದು ಉಳಿದಿದೆಯೇ ಎಂದು ಕಾಗದಪತ್ರಗಳಲ್ಲಿ ಹುಡುಕಬೇಕು.

ಎರಡನೆಯದಾಗಿ, ಕಾರಿನಲ್ಲಿ ಎರಡು ಬ್ಯಾಟರಿಗಳಿರುತ್ತವೆ ಎಂಬುದನ್ನು ಮರೆಯಬಾರದು. ದೊಡ್ಡದರ ಜೊತೆಗೆ ಎಲ್ಲ ಕಾರುಗಳಲ್ಲೂ ಇರುವ 12 ವೋಲ್ಟಿನ ಚಿಕ್ಕದೊಂದು ಇದೆ. ಅದು ಸೋತರೂ ಕಾರು ಎಚ್ಚರಗೊಳ್ಳುವುದಿಲ್ಲ, ಚಿತ್ರವಿಚಿತ್ರ ದೀಪಗಳು ಹೊತ್ತುತ್ತವೆ. ಚಿಕ್ಕದನ್ನು ಪರೀಕ್ಷಿಸದೆ ದೊಡ್ಡದರ ಮೇಲೆ ತಪ್ಪು ಹೊರಿಸಬಾರದು.

ಮೂರನೆಯದಾಗಿ, ಗಾಳಿಯ ದಾರಿ. ಇಂಥ ಅನೇಕ ಕಾರುಗಳಲ್ಲಿ ಹಿಂದಿನ ಸೀಟಿನ ಪಕ್ಕದ ಕಿಂಡಿಯಿಂದ ಒಳಗಿನ ಗಾಳಿಯನ್ನು ಎಳೆದು ಬ್ಯಾಟರಿಯನ್ನು ತಂಪಾಗಿಡುವ ಫ್ಯಾನ್ ಇರುತ್ತದೆ. ಅದರ ಜಾಲರಿಯಲ್ಲಿ ದೂಳು, ನಾಯಿಯ ಕೂದಲು ಕಟ್ಟಿಕೊಂಡರೆ ಬ್ಯಾಟರಿ ಕಾಯುತ್ತದೆ. ಕಾದಷ್ಟೂ ಆಯುಷ್ಯ ಕುಗ್ಗುತ್ತದೆ. ಅದನ್ನು ಶುಚಿ ಮಾಡುವ ಖರ್ಚು ಅತ್ಯಲ್ಪ. ಮಾಡ್ಯೂಲ್‌ಗಳನ್ನು ಬೆಸೆಯುವ ತಾಮ್ರದ ಪಟ್ಟಿಗಳಿಗೆ ಕಿಲುಬು ಹಿಡಿದಿದ್ದರೂ ದೀಪ ಹೊತ್ತುವುದುಂಟು. ನಮ್ಮ ಮಳೆನಾಡಿನ ತೇವಕ್ಕೆ ಇದು ಸಾಧ್ಯವಾದ ಮಾತು.

ಇಷ್ಟೂ ಸರಿಯಿದ್ದು ಮಾಡ್ಯೂಲ್‌ಗಳೇ ಸೋತಿದ್ದರೆ ಆಗ ಆಯ್ಕೆಯ ಪ್ರಶ್ನೆ. ಬ್ಯಾಟರಿ ಇನ್ನೂ ಐದಾರು ವರ್ಷದ್ದಾಗಿದ್ದು, ಅಕಾಲದಲ್ಲಿ ಒಂದೋ ಎರಡೋ ಮಾತ್ರ ಕೆಟ್ಟಿದ್ದು, ಉಳಿದವು ಅಳತೆಯಲ್ಲಿ ಸಮವಾಗಿದ್ದರೆ ದುರಸ್ತಿ ನ್ಯಾಯವಾದುದು. ಹತ್ತು ವರ್ಷ ದಾಟಿ, ಅಳತೆಯಲ್ಲಿ ಹಲವು ಏರುಪೇರಾಗಿದ್ದು, ಕಾರಿನ ಉಳಿದ ಭಾಗಗಳು ಗಟ್ಟಿಯಾಗಿದ್ದು, ಇನ್ನೂ ಐದು ವರ್ಷ ಓಡಿಸುವ ಮನಸ್ಸಿದ್ದರೆ ಪೂರ್ಣ ಬದಲಾವಣೆಯೇ ಮಿತವ್ಯಯ. ಕಾರನ್ನು ಒಂದು ವರ್ಷ ನಡೆಸಿದರೆ ಸಾಕೆನ್ನುವವರಿಗೆ ತೇಪೆ ಸಾಕು. ಆದರೆ ಅದು ತೇಪೆ ಎಂದು ತಿಳಿದೇ ಹಾಕಿಸಬೇಕು. ಮಾರುವಾಗ ಕೊಳ್ಳುವವರಿಗೂ ಹೇಳಬೇಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಇದು ಮನೆಯಂಗಳದಲ್ಲಿ ಬಿಚ್ಚುವ ವಸ್ತುವಲ್ಲ. ಇನ್ನೂರು ವೋಲ್ಟಿನ ನೇರ ವಿದ್ಯುತ್ ಮನುಷ್ಯನನ್ನು ಕೊಲ್ಲಬಲ್ಲದು. ಕಿತ್ತಳೆ ಬಣ್ಣದ ತಂತಿಗಳನ್ನು ಮುಟ್ಟುವವರು ಸುರಕ್ಷಾ ಪ್ಲಗ್ ತೆಗೆದು, ಒಳಗಿನ ಕೆಪಾಸಿಟರ್ ಖಾಲಿಯಾಗುವವರೆಗೆ ಕಾದು, ವಿದ್ಯುನ್ನಿರೋಧಕ ಕೈಗವಸು ತೊಟ್ಟೇ ಕೆಲಸ ಮಾಡಬೇಕು. ನಾನು ಹೋದ ಓಣಿಯಲ್ಲಿ ಹದಿನೆಂಟು ದಾಟಿರದಂತೆ ಕಂಡ ಹುಡುಗನೊಬ್ಬ ಬರಿಗೈಯಲ್ಲಿ ಪಟ್ಟಿ ಬಿಚ್ಚುತ್ತಿದ್ದ. ನನ್ನ ಅಗ್ಗದ ದುರಸ್ತಿಯ ಬೆಲೆಯಲ್ಲಿ ಅವನ ಅಪಾಯದ ಪಾಲೂ ಸೇರಿತ್ತು. ಅಂದು ನಾನು ಅದನ್ನು ನೋಡಿಯೂ ಸುಮ್ಮನಿದ್ದೆ.

ಇನ್ನು ಕಾರನ್ನೇ ಬದಲಿಸುವ ಮಾತು. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈ ಆಕ್ಸೈಡ್ ಹೊರಬರುತ್ತದೆ. ವರ್ಷಕ್ಕೆ 10,000 ಕಿಲೋಮೀಟರ್ ಓಡುವ ಕಾರು ಲೀಟರಿಗೆ 20 ಕಿಲೋಮೀಟರ್ ಕೊಡುತ್ತಿದ್ದುದು ಬ್ಯಾಟರಿಯ ಮುಪ್ಪಿನಿಂದ 16ಕ್ಕೆ ಇಳಿಯಿತೆಂದು ಇಟ್ಟುಕೊಳ್ಳೋಣ. ಆಗ 500 ಲೀಟರ್ ಬದಲು 625 ಲೀಟರ್ ಬೇಕು. ವರ್ಷಕ್ಕೆ ಹೆಚ್ಚುವರಿ 125 ಲೀಟರ್. ಅಂದರೆ ಸುಮಾರು 290 ಕಿಲೋ ಅನಿಲ. ಸೋತ ಬ್ಯಾಟರಿಯನ್ನು ಹಾಗೆಯೇ ಎಳೆದಾಡಿಸುವುದೂ ಪರಿಸರಪ್ರೇಮವಲ್ಲ ಎಂದು ಇದರಿಂದ ತಿಳಿಯುತ್ತದೆ. ಆದರೆ ಒಂದು ಹೊಸ ಕಾರನ್ನು ತಯಾರಿಸಲು ಉಕ್ಕು, ಅಲ್ಯುಮಿನಿಯಂ, ಪ್ಲಾಸ್ಟಿಕ್ಕುಗಳ ಲೆಕ್ಕದಲ್ಲಿ ಹಲವಾರು ಟನ್ ಅನಿಲ ಹೊರಬೀಳುತ್ತದೆ. ಕಬ್ಬಿಣದ ಅದಿರಿಗಾಗಿ ಕುದುರೆಮುಖದಲ್ಲಿ ಏನಾಯಿತೆಂಬುದು ನಮಗೆ ಗೊತ್ತಿದೆ. ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ 2005ರ ಕೊನೆಗೆ ಅಲ್ಲಿ ಗಣಿ ನಿಂತಿತು, ಅಗೆದ ಬೆಟ್ಟ ಮರಳಿ ಬರಲಿಲ್ಲ. ಆದುದರಿಂದ ಮೈ ಗಟ್ಟಿಯಿರುವ ಕಾರಿಗೆ ಬ್ಯಾಟರಿ ಬದಲಿಸಿ ಓಡಿಸುವುದು ಕಾರನ್ನೇ ಬದಲಿಸುವುದಕ್ಕಿಂತ ಮೇಲು. ಕಾರಿನ ಓಡಾಟವನ್ನೇ ಕಡಿಮೆ ಮಾಡುವುದು ಇನ್ನೂ ಮೇಲು. 2023ರಲ್ಲಿ ವೈಟ್‌ಫೀಲ್ಡಿಗೂ, 2025ರ ಆಗಸ್ಟಿನಲ್ಲಿ ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರಕ್ಕೂ ಮೆಟ್ರೋ ಬಂದಿದೆ. ನಮ್ಮ ಮಕ್ಕಳಿಗೆ ನಾವು ಹೇಳಬಹುದಾದ ಮಾತು ಇದು.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಉಳಿದಿದೆ. ತೆಗೆದ ಬ್ಯಾಟರಿ ಎಲ್ಲಿಗೆ ಹೋಯಿತು?

ಮೂರನೆಯ ತೇಪೆಯೂ ಸೋತ ಮೇಲೆ ನಾನು ಆ ಓಣಿಗೆ ಹೋಗಿ, ತೆಗೆದಿಟ್ಟ ಹಳೆಯ ಮಾಡ್ಯೂಲ್‌ಗಳು ಎಲ್ಲಿ ಎಂದು ಕೇಳಿದೆ. ತೂಕಕ್ಕೆ ಹಾಕಿ ಗುಜರಿಗೆ ಕೊಟ್ಟಾಯಿತೆಂದು ತಿಳಿಯಿತು. ಅಲ್ಲಿಂದ ಮುಂದೆ ಯಾರಿಗೂ ಗೊತ್ತಿಲ್ಲ. ಪೀಣ್ಯದ ನೆಲ ಮೊದಲೇ ಲೋಹಲೇಪನದ ಕಾರ್ಖಾನೆಗಳ ಕ್ರೋಮಿಯಂ ಕುಡಿದ ನೆಲ. ಅಲ್ಲಿಯ ಅಂತರ್ಜಲಕ್ಕೆ ನನ್ನ ಪಾಲಿನ ನಿಕಲ್ ಸೇರಿತೋ ಏನೋ ಎಂಬ ಅಳುಕು ಇನ್ನೂ ಹೋಗಿಲ್ಲ.

ನಿಕಲ್ಲಿಗಿಂತ ದೊಡ್ಡ ಅಪಾಯ ಸೀಸದ್ದು. ಅದು ನಮ್ಮ ಪ್ರತಿ ಮನೆಯಲ್ಲೂ ಇದೆ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇಲ್ಲದ ನಮ್ಮ ಊರುಗಳಲ್ಲಿ ಇನ್ವರ್ಟರ್ ಇಲ್ಲದ ಮನೆ ಅಪರೂಪ. ಆ ಬ್ಯಾಟರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಸೀಸವೇ. ಅದನ್ನು ಕೊಂಡೊಯ್ಯುವ ಗುಜರಿಯವನು ಅನಧಿಕೃತ ಕುಲುಮೆಗೆ ಕೊಟ್ಟರೆ, ಆಮ್ಲ ನೆಲಕ್ಕೆ ಸುರಿಯುತ್ತದೆ, ಸೀಸದ ಹೊಗೆ ಸುತ್ತಲಿನ ಮಕ್ಕಳ ರಕ್ತಕ್ಕೆ ಸೇರುತ್ತದೆ. ಸೀಸವು ಮಕ್ಕಳ ಬುದ್ಧಿಬೆಳವಣಿಗೆಯನ್ನೇ ಕುಂಠಿತಗೊಳಿಸುವ ವಿಷ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಡಾ. ವೆಂಕಟೇಶ್ ತುಪ್ಪಿಲ್ ಅವರು ದಶಕಗಳ ಕಾಲ ಈ ಎಚ್ಚರಿಕೆಯನ್ನು ಕೊಡುತ್ತ ಬಂದವರು. 2000ದಲ್ಲಿ ದೇಶದ ಪೆಟ್ರೋಲಿನಿಂದ ಸೀಸವನ್ನು ಹೊರಹಾಕಿದೆವು. ಬ್ಯಾಟರಿಯ ಹಿಂಬಾಗಿಲಿನಿಂದ ಅದು ಒಳಗೇ ಉಳಿಯಿತು. ಜಗತ್ತಿನ ಪ್ರತಿ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಕಳವಳಕಾರಿ ಪ್ರಮಾಣದ ಸೀಸವಿದೆಯೆಂದು 2020ರಲ್ಲಿ ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ ವರದಿ ಹೇಳಿತು.

ಕಾನೂನು ಇಲ್ಲವೆಂದಲ್ಲ. 2001ರಲ್ಲೇ ಸೀಸ-ಆಮ್ಲ ಬ್ಯಾಟರಿಗಳಿಗಾಗಿ ನಿಯಮಗಳು ಬಂದಿದ್ದವು. ಅವುಗಳ ಬದಲಿಗೆ 2022ರ ಆಗಸ್ಟಿನಲ್ಲಿ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಬಂದು ಎಲ್ಲ ಬಗೆಯ ಬ್ಯಾಟರಿಗಳನ್ನೂ ಒಳಗೊಂಡವು. ಮಾರಿದ ಕಂಪನಿಯೇ ಹಳೆಯದನ್ನು ಮರಳಿ ಸಂಗ್ರಹಿಸುವ ಹೊಣೆ ಹೊರಬೇಕು. ನೆಲದಲ್ಲಿ ಹೂಳುವುದನ್ನೂ ಸುಡುವುದನ್ನೂ ಮಾಡಕೂಡದು. ಬಳಕೆದಾರರು ಬ್ಯಾಟರಿಯನ್ನು ಬೇರೆ ಕಸದೊಡನೆ ಬೆರೆಸದೆ ಸಂಗ್ರಹಣೆ, ಪುನರ್ನವೀಕರಣ ಅಥವಾ ಮರುಬಳಕೆಯಲ್ಲಿ ತೊಡಗಿದವರಿಗೇ ಒಪ್ಪಿಸಬೇಕು. ಆದ್ದರಿಂದ ಹೊಸ ಬ್ಯಾಟರಿ ಕೊಳ್ಳುವಾಗ ಹಳೆಯದನ್ನು ಅಂಗಡಿಗೇ ಮರಳಿಸಿ, ರಸೀದಿ ಕೇಳಿ ಪಡೆಯಿರಿ. ಹೈಬ್ರಿಡ್ ಬ್ಯಾಟರಿ ದುರಸ್ತಿಗೆ ಕೊಡುವಾಗಲೂ ತೆಗೆದ ಮಾಡ್ಯೂಲ್‌ಗಳು ಎಲ್ಲಿಗೆ ಹೋಗುತ್ತವೆಂದು ಮೊದಲೇ ಕೇಳಿ. ಉತ್ತರವಿಲ್ಲದ ಕಡೆ ಕೊಡಬೇಡಿ. ಎಷ್ಟು ಅಗ್ಗವಾದರೂ ಅದು ದುರಸ್ತಿಯಲ್ಲ.

ಮಾತು ಮುಗಿಸುವ ಮುನ್ನ ನಮ್ಮ ಬೆಟ್ಟಗಳ ಕಡೆಗೆ ತಿರುಗುತ್ತೇನೆ. ಶರಾವತಿ ಕೊಳ್ಳದ ಸಿಂಗಳೀಕ ಅಭಯಾರಣ್ಯದಲ್ಲಿ, ತಳಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟ್‌ನ ಭೂಗತ ವಿದ್ಯುದಾಗಾರ ಕಟ್ಟುವ ಯೋಜನೆಯ ಬಗ್ಗೆ ನಾವು ಹೋರಾಡುತ್ತ ಬಂದಿದ್ದೇವೆ. ಆ ಯೋಜನೆಯೂ ಒಂದು ಬ್ಯಾಟರಿಯೇ. ವಿದ್ಯುತ್ ಹೆಚ್ಚಿರುವಾಗ ನೀರನ್ನು ಮೇಲಕ್ಕೆತ್ತಿ, ಬೇಡಿಕೆ ಏರಿದಾಗ ಕೆಳಕ್ಕೆ ಬಿಡುವುದು. ಎತ್ತಲು ಬಳಸಿದ್ದಕ್ಕಿಂತ ಮರಳಿ ಸಿಗುವುದು ಕಡಿಮೆ. 1964ರ ಲಿಂಗನಮಕ್ಕಿಗಾಗಿ ಮನೆಮಠ ಕಳೆದುಕೊಂಡವರು ಇನ್ನೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿರುವಾಗ, ಬೆಂಗಳೂರಿನ ಸಂಜೆಯ ಬೇಡಿಕೆಗೆ ಮತ್ತೆ ಅದೇ ಕೊಳ್ಳವೇ ಏಕೆ ಎಂದು ನಾವು ಕೇಳುತ್ತೇವೆ. ಕೇಳುವುದು ನ್ಯಾಯ. ಆದರೆ ಹಾಗೆ ಕೇಳುವ ನಾವು, ನಮ್ಮ ಮನೆಯ ಮೂಲೆಯ ಬ್ಯಾಟರಿಯನ್ನು ಹೇಗೆ ಬಾಳಿಸಿದೆವು, ಹೇಗೆ ಬೀಳ್ಕೊಟ್ಟೆವು ಎಂಬ ಪ್ರಶ್ನೆಗೂ ಉತ್ತರ ಇಟ್ಟುಕೊಂಡಿರಬೇಕು.

ಆದುದರಿಂದ ಒಂದು ಸಣ್ಣ ಸಲಹೆ. ಈ ಮಳೆಗಾಲಕ್ಕೆ ಮುಂಚೆ ಬಳಗದವರೆಲ್ಲ ತಮ್ಮ ಇನ್ವರ್ಟರ್ ಬ್ಯಾಟರಿಯ ನೀರಿನ ಮಟ್ಟ ನೋಡಲಿ. ಡಿಸ್ಟಿಲ್ಡ್ ವಾಟರನ್ನೇ ಹಾಕಲಿ, ಬಾವಿಯ ನೀರು ಬೇಡ. ಪೂರ್ತಿ ಖಾಲಿಯಾಗುವವರೆಗೆ ಬಳಸದಿರಲಿ. ಖಾಲಿಯಾದ ಸ್ಥಿತಿಯಲ್ಲಿ ದಿನಗಟ್ಟಲೆ ಬಿಟ್ಟರೆ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಬ್ಯಾಟರಿ ಅಕಾಲದಲ್ಲಿ ಸಾಯುತ್ತದೆ. ಸತ್ತವನ್ನು ವರ್ಷಕ್ಕೊಮ್ಮೆ ಗೊತ್ತಾದ ಒಂದು ದಿನ ಒಂದೆಡೆ ಸೇರಿಸಿ, ನೋಂದಾಯಿತ ಮರುಬಳಕೆದಾರರಿಗೆ ಬಳಗದ ಮೂಲಕವೇ ಒಪ್ಪಿಸೋಣ. ಲೆಕ್ಕವನ್ನು ಈ ಪತ್ರಿಕೆಯಲ್ಲಿ ಅಚ್ಚು ಮಾಡೋಣ.

ಪ್ರಶ್ನೆ ಕೇಳಿದ ಹಿರಿಯರಿಗೆ ನನ್ನ ಉತ್ತರ ಇಷ್ಟು: ಮೊದಲು ಚಿಕ್ಕ ಬ್ಯಾಟರಿಯನ್ನೂ ಗಾಳಿಯ ಕಿಂಡಿಯನ್ನೂ ನೋಡಿಸಿ. ಅನಂತರ ಭಾರ ಹೊರಿಸಿ ಅಳೆಯುವವರಲ್ಲಿ ಅಳತೆ ಮಾಡಿಸಿ. ಒಂದೆರಡು ಕೆಟ್ಟಿದ್ದರೆ ದುರಸ್ತಿ, ಹಲವು ಸೋತಿದ್ದರೆ ಬದಲಾವಣೆ; ಕಾರನ್ನು ಮಾತ್ರ ಗುಜರಿಗೆ ಹಾಕಬೇಡಿ. ಹಳೆಯ ಬ್ಯಾಟರಿಯನ್ನು ಕೊಟ್ಟ ರಸೀದಿಯನ್ನು ಮುಂದಿನ ಸಭೆಗೆ ತನ್ನಿ. ನನ್ನ ಬಳಿ ಹೊಸ ಬ್ಯಾಟರಿ ಕೊಂಡ ರಸೀದಿ ಇದೆ. ಆ ಹಳೆಯ ಮಾಡ್ಯೂಲ್‌ಗಳ ರಸೀದಿ ಇಲ್ಲ. ನಿಮ್ಮ ಬಳಿಯಾದರೂ ಇರಲಿ.